ಎಸ್‌ಪಿ ರೋಡಿನ ಆ ಅಣ್ಣನಿಗೆ ಥ್ಯಾಂಕ್ಸ್

ಎಸ್‌ಪಿ ರೋಡಿನ (ಬೆಂಗಳೂರು) ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಪಕ್ಕ ನಿಂತು ಕೇಬಲ್ ಕೊಳ್ಳುತ್ತಿದ್ದ ಅಣ್ಣ, ನಿಮ್ಮ ಹೆಸರೂ ಗೊತ್ತಿಲ್ಲ, ತುಂಬಾ ಥ್ಯಾಂಕ್ಸ್. ಟಿವಿಗೆ ಜೋಡಿಸಿ ಸಿನಿಮಾ ನೋಡಲು ಕಡಿಮೆ ಖರ್ಚಿನಲ್ಲಿ ಒಂದು ಕಂಪ್ಯೂಟರ್ ಬೇಕು, ಇದೇ ಮೊದಲು ಅಂದಾಗ ಅಂಗಡಿಯವರು ಐ3 12100ಎಫ್ ಅನ್ನೋ ಪ್ರೊಸೆಸರ್ (ಕಂಪ್ಯೂಟರಿನ ಮುಖ್ಯ ಚಿಪ್) ಡಬ್ಬಿ ಮುಂದಿಟ್ಟರು. ನೀವು ಆ ಕೊನೆಯ 'ಎಫ್' ಮೇಲೆ ಬೆರಳಿಟ್ಟು, 'ಇದರಲ್ಲಿ ಗ್ರಾಫಿಕ್ಸ್, ಅಂದ್ರೆ ಪರದೆಗೆ ಚಿತ್ರ ಕೊಡೋ ಭಾಗ ಇಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ರೆ ಟಿವಿಯಲ್ಲಿ ಏನೂ ಬರಲ್ಲ, ಎಫ್ ಇಲ್ಲದ್ದು ತಗೊಳ್ಳಿ, 4ಕೆ ವಿಡಿಯೋ ಆರಾಮಾಗಿ ಓಡುತ್ತೆ' ಅಂದಿರಿ. ಕಾರ್ಡಿನ ದುಡ್ಡು ಪೂರ್ತಿ ಉಳಿಯಿತು! 8 ಜಿಬಿಯ ಒಂದೇ ರ್ಯಾಮ್ (ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ಮೆಮೊರಿ) ಬದಲು 4 ಜಿಬಿಯ ಎರಡು ಕೊಡಿಸಿದ್ದೂ ನೀವೇ. ಒಳಗಿನ ಗ್ರಾಫಿಕ್ಸ್ ಅದೇ ರ್ಯಾಮ್ ಬಳಸುತ್ತದೆ, ಜೋಡಿ ಇದ್ದರೆ ವೇಗ ಜಾಸ್ತಿ ಅಂತ. ಅಂಗಡಿಯವರ ಮುಖ ಸ್ವಲ್ಪ ಸಣ್ಣಗಾಯಿತು, ಪಾಪ. ಇದನ್ನು ಓದಿದರೆ ಒಂದು ಮಾತು ಬರೆಯಿರಿ, ಮನೆಗೆ ಕರೆಯಬೇಕು.