ಪುಸ್ತಕ ಮುಗಿಯಿತು, ಕಾಕಾಗೆ ಮೊದಲ ನಮಸ್ಕಾರ

ಸ್ಯಾಮ್ಯುಯಲ್ ಫೆಲ್ಪ್ಸ್ ಎಂಬ ನಟನ ಬಗ್ಗೆ ಬರೆಯುತ್ತಿದ್ದ ಪುಸ್ತಕ ನಿನ್ನೆ ಪ್ರಕಾಶಕರ ಕೈ ಸೇರಿತು. ವಿಕ್ಟೋರಿಯಾ ರಾಣಿ ಕಾಲದ ಲಂಡನ್ ನಟನ ಕಥೆ ಕನ್ನಡಕ್ಕೆ ಯಾಕೆ ಅಂತ ಕೇಳದೆ ಜೊತೆಗಿದ್ದವರು ಬಹಳ ಜನ. ಹಳೆಯ ಪುಸ್ತಕ ಹುಡುಕಿ ಕೊಟ್ಟ ಗೆಳತಿಯರು, ಕರಡು ತಿದ್ದಿದ ಮೇಷ್ಟ್ರು, ಅಲ್ಲಿಂದ ಫೋಟೊ ಕಳಿಸಿದ ನಾದಿನಿ, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಕಾಕಾ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು. ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯವರು. ಹರೆಯದಲ್ಲಿ ನಾಟಕ ಕಂಪನಿಗಳಲ್ಲಿ ಪಾರ್ಟು ಮಾಡಿದವರು. ಅವ್ವನನ್ನು ಐಸಿಯುಗೆ ಸೇರಿಸಿದ ರಾತ್ರಿ (ನಿಮಗೆಲ್ಲ ಗೊತ್ತೇ ಇದೆ) ನಾನು ಒಬ್ಬಳೇ ಇದ್ದೆ. ಕಾಕಾ ಶಾಲು ಹೊದ್ದು ಬಂದು ಬೆಂಚಿನ ಮೇಲೆ ಕೂತರು. ಎಲ್ಲ ಸರಿಹೋಗುತ್ತದೆ ಅಂತ ಒಮ್ಮೆಯೂ ಹೇಳಲಿಲ್ಲ. "ನಿನ್ನ ಫೆಲ್ಪ್ಸನ ಕಥಿ ಹೇಳವ್ವಾ" ಅಂದರು.

ಹೇಳಿದೆ. 1843ರ ಕಾಯ್ದೆ ಬರುವವರೆಗೆ ಲಂಡನ್ನಿನಲ್ಲಿ ಷೇಕ್ಸ್‌ಪಿಯರ್ ಆಡುವ ಹಕ್ಕು ಕೆಲವೇ ಥಿಯೇಟರುಗಳಿಗೆ ಇತ್ತು. ಮರುವರ್ಷ ಫೆಲ್ಪ್ಸ್, ಇಸ್ಲಿಂಗ್ಟನ್ನಿನ ಸ್ಯಾಡ್ಲರ್ಸ್ ವೆಲ್ಸ್ ಥಿಯೇಟರ್ ವಹಿಸಿಕೊಂಡ. ಒಂದು ಕಾಲಕ್ಕೆ ಅಲ್ಲಿ ತೊಟ್ಟಿಗೆ ನೀರು ತುಂಬಿಸಿ ಹಡಗಿನ ಕಾಳಗ ತೋರಿಸುತ್ತಿದ್ದರು. ಅಂಥ ಜಾಗದಲ್ಲಿ ಮ್ಯಾಕ್‌ಬೆತ್‌ನಿಂದ ಶುರು ಮಾಡಿ, 1862ರೊಳಗೆ ಷೇಕ್ಸ್‌ಪಿಯರನ 30ಕ್ಕೂ ಹೆಚ್ಚು ನಾಟಕ ಆಡಿಸಿದ. ಅಕ್ಕಪಕ್ಕದ ಕೂಲಿಕಾರರೂ ಬಂದು ನೋಡುತ್ತಿದ್ದರು.

ನಡುರಾತ್ರಿ ನರ್ಸ್ ಬಂದು ಒಂದು ಕಾಗದಕ್ಕೆ ಸಹಿ ಕೇಳಿದರು. ಹಾಕಿದೆ. ಆಮೇಲೆ ತಡೆಯಲಾಗಲಿಲ್ಲ. ನಾಟಕವೂ ಬೇಡ, ಪುಸ್ತಕವೂ ಬೇಡ, ನನಗೆ ಅವ್ವ ಬೇಕು ಅಂತ ಜೋರಾಗಿಯೇ ಅತ್ತೆ. ಕಾಕಾ ತಲೆಯ ಮೇಲೆ ಕೈಯಿಟ್ಟು ಸುಮ್ನೆ ಕೂತರು. ಎಷ್ಟೋ ಹೊತ್ತಿನ ಮೇಲೆ ಕೇಳಿದರು: "ಅವ ಬಿಟ್ಟ ಮ್ಯಾಲ ಆ ಥೇಟರ್ ಏನಾತು?"

ಸ್ಕೇಟಿಂಗ್ ಆಡುವ ಜಾಗವಾಯಿತು. ಬಾಕ್ಸಿಂಗ್ ನಡೆಯಿತು. ಅಪಾಯದ ಕಟ್ಟಡ ಅಂತ ಮುಚ್ಚಿಸಿದರು, 1879ರಲ್ಲಿ ಮತ್ತೆ ತೆರೆದರು. ಸಿನಿಮಾನೂ ಬಂತು, 1915ರಲ್ಲಿ ಬಾಗಿಲೇ ಬಿತ್ತು. 1931ರಲ್ಲಿ ಲಿಲಿಯನ್ ಬೇಲಿಸ್ ಎಂಬ ಹೆಣ್ಣುಮಗಳು ಹೊಸ ಥಿಯೇಟರ್ ಕಟ್ಟಿಸಿ ತೆರೆದಳು. ಫೆಲ್ಪ್ಸ್ 1878ರಲ್ಲೇ ತೀರಿಕೊಂಡಿದ್ದ. ಥಿಯೇಟರ್ ಬಿಟ್ಟರೂ ಬಣ್ಣ ಹಚ್ಚುವುದನ್ನು ಬಿಟ್ಟಿರಲಿಲ್ಲ, ಆ ಕೊನೆಯ ವರ್ಷವೂ ಬೇರೆಯವರ ರಂಗದ ಮೇಲೆ ಪಾರ್ಟು ಮಾಡಿದ.

ಕಾಕಾ ಕಣ್ಣು ಒರೆಸಿಕೊಂಡರು. "ನಮ್ಮ ಕಂಪನಿ ಪಡದಿ ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ. ನೀ ಇದನ್ನ ಬರಿ."

ನನ್ನ ಕರಡು 1862ಕ್ಕೆ ನಿಂತಿತ್ತು, ಫೆಲ್ಪ್ಸ್ ಹೊರಟ ಕಡೆಗೆ. ಆಮೇಲಿನ ಕಥೆಯೇ ಈಗ ಪುಸ್ತಕದ ಅತಿ ಉದ್ದದ ಅಧ್ಯಾಯ. ಅದು ನಿಮ್ಮದು, ಕಾಕಾ. ಅವ್ವ ಈಗ ಅಂಗಳದಲ್ಲಿ ಓಡಾಡುತ್ತಾಳೆ, ದಿನಾ ನಿಮ್ಮನ್ನು ಕೇಳುತ್ತಾಳೆ. ಅಕ್ಷರ ಕಾಣಿಸಲ್ಲ ಅಂತೀರಲ್ವಾ, ಪುಸ್ತಕ ಬಂದ ದಿನ ನಾನೇ ಬಂದು ಓದಿ ಹೇಳುತ್ತೇನೆ.