ಭಾನುವಾರದ ಅಡುಗೆ: ಸಾಮಾನು ತರುವ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ಕುವೆಂಪುನಗರದ ನಮ್ಮ ಮನೆಯಲ್ಲಿ ಹೊರದೇಶದ ಅಡುಗೆ ಮಾಡೋಣವೆಂದಿದ್ದೆವಲ್ಲ, ಹೆಸರು ಕೊಟ್ಟವರಿಗೆ ಈ ಸೂಚನೆ.

ಕಳೆದ ಸಲ ಅಮೆರಿಕದ ಪಾಕವಿಧಾನದಲ್ಲಿ ಕಾರ್ನ್‌ಸ್ಟಾರ್ಚ್ ಎಂದಿದ್ದುದಕ್ಕೆ ನಾನು ಹಳದಿ ಮುಸುಕಿನ ಜೋಳದ ಹಿಟ್ಟು ಸುರಿದೆ. ಸಾಸ್ ಹೋಗಿ ಅಂಬಲಿಯಾಯಿತು, ಸೌಟು ನೆಟ್ಟಗೆ ನಿಂತಿತು. ಅವರ ಕಾರ್ನ್‌ಸ್ಟಾರ್ಚ್ ಎಂದರೆ ನಮ್ಮ ಅಂಗಡಿಯ ಬಿಳಿ ಕಾರ್ನ್‌ಫ್ಲೋರ್. ಅವರು ಕಾರ್ನ್‌ಫ್ಲೋರ್ ಎಂದರೆ ಮಾತ್ರ ಮುಸುಕಿನ ಜೋಳದ ಹಿಟ್ಟು. ಸಿಲಾಂಟ್ರೋ ಕೊತ್ತಂಬರಿ ಸೊಪ್ಪು, ಗಾರ್ಬಾಂಜೋ ಕಾಬೂಲಿ ಕಡಲೆ. ಎಗ್‌ಪ್ಲಾಂಟ್, ಆಬರ್ಜಿನ್ ಎರಡೂ ಬದನೆಕಾಯಿಯೇ.

ಲೆಬನಾನ್ ಕಡೆಯ ಬಾಬಾ ಗನೂಷ್‌ಗೆ ದಪ್ಪ ಬದನೆ ಬೇಕು. ಸಿಪ್ಪೆ ಕಪ್ಪಾಗಿ ಸುಕ್ಕುಗಟ್ಟುವವರೆಗೆ ಸುಡಬೇಕು. ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿಗೆ ಅದು ನೆಂಟನೇ ಸರಿ. ಅದಕ್ಕೆ ಬೆರೆಸುವ ತಾಹಿನಿಗೆ, ಅಂದರೆ ಎಳ್ಳಿನ ಪೇಸ್ಟಿಗೆ, ದುಬಾರಿ ಬಾಟಲಿ ಬೇಡ. ಬಿಳಿ ಎಳ್ಳನ್ನು ಸೀಯದಂತೆ ಹುರಿದು, ಸ್ವಲ್ಪ ಎಣ್ಣೆ ಬಿಟ್ಟು ನುಣ್ಣಗೆ ರುಬ್ಬಿ ತನ್ನಿ.

ಬೀನ್ಸ್ ತರುವವರು ಗಮನಿಸಿ: ಬ್ಲಾಂಚ್ ಮಾಡುವುದೆಂದರೆ ಕುದಿಯುವ ನೀರಿಗೆ ಒಂದೆರಡು ನಿಮಿಷ ಹಾಕಿ, ತೆಗೆದು, ತಣ್ಣೀರಿಗೆ ಬಿಡುವುದು. ಪಲ್ಯದ ಹದಕ್ಕೆ ಬೇಯಿಸಿ ತರಬೇಡಿ.

ಅಮೆರಿಕದ ಕಪ್ ಸುಮಾರು 240 ಮಿಲಿ. ಟೇಬಲ್‌ಸ್ಪೂನ್ 15 ಮಿಲಿ, ಆಸ್ಟ್ರೇಲಿಯಾದ್ದಾದರೆ 20. ಕಾಫಿ ಲೋಟದ ಅಳತೆ ಇಲ್ಲಿ ನಡೆಯದು (ಯಾರಿಗೆ ಹೇಳುತ್ತಿದ್ದೇನೆಂದು ಅವರಿಗೆ ಗೊತ್ತು).

ಶನಿವಾರ ಸಂಜೆ ದೇವರಾಜ ಮಾರುಕಟ್ಟೆಗೆ ಹೋಗುತ್ತೇನೆ. ಯಾರಿಗೆ ಏನು ಬೇಕೆಂದು ಶುಕ್ರವಾರ ರಾತ್ರಿ 9ರೊಳಗೆ ಇಲ್ಲೇ ಬರೆಯಿರಿ. ಬರೀ ಹೆಬ್ಬೆರಳಿನ ಗುರುತು ಸಾಲದು. ಎಳ್ಳು, ಕಡಲೆಕಾಯಿ ಒಗ್ಗದವರಿದ್ದರೆ ತಪ್ಪದೆ ತಿಳಿಸಿ.