ಸ್ವಂತ ಫೋನಿನ ಮೇಲೆ ಕಂಪನಿಗೆ ಎಷ್ಟು ಹಿಡಿತ?

ಮಾನ್ಯರೇ,

ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸ ಮಾಡುವ ಸಂಸ್ಥೆಯು, ಕಚೇರಿಯ ಇಮೇಲ್ ಬೇಕಿದ್ದರೆ ನೌಕರರು ತಮ್ಮ ಸ್ವಂತ ಮೊಬೈಲ್‌ಗಳಲ್ಲಿ ನಿರ್ವಹಣಾ ಆ್ಯಪ್ (ಸಂಸ್ಥೆಯು ದೂರದಿಂದಲೇ ಫೋನನ್ನು ನಿಯಂತ್ರಿಸಲು ಬಳಸುವ ಆ್ಯಪ್) ಅಳವಡಿಸಿಕೊಳ್ಳಬೇಕೆಂದು ಸೂಚಿಸಿದೆ. ಫೋನ್ ಕಳೆದುಹೋದರೆ ಗ್ರಾಹಕರ ಮಾಹಿತಿ ಸೋರಬಾರದೆಂಬ ಅದರ ಆತಂಕ ನ್ಯಾಯವಾದದ್ದೇ. ಆದರೆ ಇಡೀ ಫೋನನ್ನೇ ದೂರದಿಂದ ಅಳಿಸುವ, ರಜಾ ದಿನದಲ್ಲೂ ನಾವಿರುವ ಜಾಗವನ್ನು ನೋಡುವ ಅನುಮತಿಯನ್ನೂ ಅದು ಕೇಳುತ್ತಿದೆ; ಮಗಳ ನಾಮಕರಣದ ಚಿತ್ರಗಳಿರುವುದೂ ಅದೇ ಫೋನಿನಲ್ಲಿ! ಆಂಡ್ರಾಯ್ಡ್‌ನ ‘ವರ್ಕ್ ಪ್ರೊಫೈಲ್’ ವ್ಯವಸ್ಥೆಯು ಕಚೇರಿಯ ಆ್ಯಪ್‌ಗಳನ್ನು ಪ್ರತ್ಯೇಕವಾಗಿರಿಸುವುದರಿಂದ, ನೌಕರ ಕೆಲಸ ಬಿಟ್ಟಾಗ ಖಾಸಗಿ ಚಿತ್ರ, ಸಂದೇಶಗಳನ್ನು ಮುಟ್ಟದೆ ಅಷ್ಟನ್ನು ಮಾತ್ರ ಅಳಿಸಲು ಸಾಧ್ಯವಿದೆ. ಪೂರ್ಣ ಹತೋಟಿಯೇ ಬೇಕೆನ್ನುವ ಸಂಸ್ಥೆ ತಾನೇ ಫೋನ್ ಕೊಡಲಿ. ಆಡಳಿತ ವರ್ಗವು ತಾನು ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ ಎಂಬುದನ್ನು ಕನ್ನಡದಲ್ಲಿ ಬರೆದುಕೊಟ್ಟ ಬಳಿಕವೇ ನಮ್ಮ ಸಹಿ ಕೇಳಬೇಕು.

– ಒಬ್ಬ ನೌಕರ, ಕೋಲಾರ